ಕಣಜದ ರೊಟ್ಟಿ, ಒಲೆಯ ಸಾರು

ಆಟಿ ತಿಂಗಳ ಮಳೆ ಹಿಡಿದ ಭಾನುವಾರ ಮಂಗಳೂರಿನ ಕೊಟ್ಟಾರದ ಯಾವುದಾದರೊಂದು ವಸತಿ ಸಮುಚ್ಚಯದ ಮೆಟ್ಟಿಲು ಹತ್ತಿದರೆ ಎರಡು ಬಗೆಯ ಪರಿಮಳ ಮೂಗಿಗೆ ಬರುವುದುಂಟು. ಒಂದು ಮನೆಯಿಂದ ತೆಂಗಿನೆಣ್ಣೆಯಲ್ಲಿ ಮೆಣಸು, ಕೊತ್ತಂಬರಿ ಹುರಿಯುವ ಘಾಟು. ಪಕ್ಕದ ಮನೆಯಿಂದ ಕೋಳಿ, ಪಾಸ್ತಾ, ಹಾಲಿನ ಸಾಸು, ಚೀಸು ಇವೆಲ್ಲ ಅವನ್ನಿನಲ್ಲಿ ಒಟ್ಟಿಗೆ ಬೆಂದು ಕೆಂಪಗಾಗುವ ವಾಸನೆ. ಮೊದಲನೆಯದು ಕೋರಿ ರೊಟ್ಟಿಯ ಸಾರು. ಎರಡನೆಯದು ಪಾಶ್ಚಾತ್ಯರ ಕ್ಯಾಸರೋಲ್. ನಮ್ಮಲ್ಲಿ ಬಹುಮಂದಿಗೆ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಿ. ಅದು ಮೂಲದಲ್ಲಿ ಫ್ರೆಂಚರ ಅಡುಗೆ ಪಾತ್ರೆಯ ಹೆಸರು. ಆಮೇಲೆ ಆ ಪಾತ್ರೆಯಲ್ಲಿ ನಿಧಾನವಾಗಿ ಬೇಯುವ ಊಟಕ್ಕೂ ಅದೇ ಹೆಸರು ಅಂಟಿಕೊಂಡಿತು.

ಮಕ್ಕಳಿಗೆ ಅವನ್ನಿನ ತಿಂಡಿ ಹೊಸದು, ಅಜ್ಜಿಯರಿಗೆ ಅದು ಪರದೇಶಿ. ಆದರೆ ಎರಡೂ ಪಾತ್ರೆಗಳ ಮುಚ್ಚಳ ತೆಗೆದು ನೋಡಿದರೆ ಒಳಗಿನ ಲೆಕ್ಕಾಚಾರ ಒಂದೇ. ಮೊದಲೇ ಮಾಡಿ ಒಣಗಿಸಿಟ್ಟ ಧಾನ್ಯದ ಒಂದು ಪದಾರ್ಥ. ಆಗತಾನೆ ಬೆಂದ ಕೋಳಿಯ ರಸ. ಒಣಗಿದ್ದು ರಸವನ್ನು ಕುಡಿದು ಮೆತ್ತಗಾಗುವ ಗಳಿಗೆ. ಮಳೆಯಲ್ಲಿ ನೆನೆದು ಬಂದವನಿಗೆ, ದೂರದೂರಿನಿಂದ ಮರಳಿದವಳಿಗೆ ಇಂಥ ಊಟ ಯಾಕೆ ಹಿತವಾಗುತ್ತದೆ? ಉತ್ತರ ರುಚಿಯೊಂದರಲ್ಲೇ ಇಲ್ಲ. ಕಷ್ಟದ ಕೆಲಸವನ್ನು ಯಾರೋ ಮುಂಚೆಯೇ ಮುಗಿಸಿಟ್ಟಿರುತ್ತಾರೆ ಎಂಬುದರಲ್ಲಿಯೂ ಇದೆ.

ಕೊಟ್ಟಾರ ಎಂಬ ಹೆಸರೇ ಇದಕ್ಕೆ ಒಪ್ಪುವಂಥದು. ಸಂಸ್ಕೃತದ ಕೋಷ್ಠಾಗಾರವು ಕನ್ನಡದ ಬಾಯಲ್ಲಿ ಸವೆದು ಕೊಟ್ಟಾರವಾಯಿತು. ಅರ್ಥ, ಕಣಜ ಅಥವಾ ಉಗ್ರಾಣ. ಇಂದು ಲೇಡಿಹಿಲ್ಲಿನಿಂದ ಕೂಳೂರು ಸೇತುವೆಯತ್ತ ಹೋಗುವ ದಾರಿಯಲ್ಲಿ, ರಾಷ್ಟ್ರೀಯ ಹೆದ್ದಾರಿಯ ಗದ್ದಲದ ನಡುವೆ ಇರುವ ಈ ಬಡಾವಣೆಯಲ್ಲಿ ಕಣಜ ಕಾಣದು. ಆದರೆ ಕೂಡಿಟ್ಟು ಉಣ್ಣುವ ಬುದ್ಧಿ ಅಡುಗೆಮನೆಯ ಡಬ್ಬಿಗಳಲ್ಲಿ ಉಳಿದಿದೆ.

ಸಿಸಿಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ

ಒಣಗಿದ ಪಾಸ್ತಾ ಹುಟ್ಟಿದ್ದೇ ದಾಸ್ತಾನಿಗಾಗಿ, ಸಾಗಣೆಗಾಗಿ. ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಸಿಸಿಲಿಯ ತ್ರಾಬಿಯಾ ಎಂಬಲ್ಲಿ ಗೋಧಿಹಿಟ್ಟಿನ ಎಳೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಹಡಗುಗಳಲ್ಲಿ ದೂರದೇಶಗಳಿಗೆ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಡ್ಯೂರಮ್ ಎಂಬ ಗಟ್ಟಿ ಜಾತಿಯ ಗೋಧಿ ಚೆನ್ನಾಗಿ ಒಣಗಿದರೆ ತಿಂಗಳುಗಟ್ಟಲೆ ಕೆಡದು. ಹಡಗಿನವರಿಗೆ ಬೇಕಾಗಿದ್ದದ್ದೂ ಅದೇ. ಈ ಜಾತಿ ನಮಗೆ ಅಪರಿಚಿತವೇನಲ್ಲ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೊಳ್ಳುವುದು ಇದರದೇ ರವೆ. ಬಿಜಾಪುರ, ಧಾರವಾಡದ ಕಡೆಯ ಎರೆಹೊಲಗಳಲ್ಲಿ ಇದನ್ನು ಬೆಳೆಯುತ್ತಾರೆ.

ಕೋಳಿ ಮತ್ತು ಪಾಸ್ತಾವನ್ನು ಕೆನೆಯ ಸಾಸಿನಲ್ಲಿ ಕಲಸಿ, ಮೇಲೆ ಚೀಸು ಉದುರಿಸಿ ಸುಡುವ ಖಾದ್ಯಗಳಲ್ಲಿ ಹೆಚ್ಚು ಹೆಸರಾದದ್ದು ‘ಚಿಕನ್ ಟೆಟ್ರಾಝಿನಿ’. ಹೆಸರು ಇಟಲಿಯದಾದರೂ ತಿಂಡಿ ಅಮೆರಿಕದ್ದು. 1871ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರಂಗಮಂದಿರಗಳಲ್ಲಿ ಹಾಡಿ ಮನೆಮಾತಾದ ಆಪೆರಾ ಗಾಯಕಿ ಲುಯಿಸಾ ಟೆಟ್ರಾಝಿನಿಯ ಹೆಸರನ್ನು ಅದಕ್ಕೆ ಇಟ್ಟರು. ಮೊದಲು ಮಾಡಿದ್ದು ಸ್ಯಾನ್‌ಫ್ರಾನ್ಸಿಸ್ಕೋದವರೋ ನ್ಯೂಯಾರ್ಕಿನವರೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ದೊಡ್ಡ ಹೋಟೆಲಿನ ಈ ಖಾದ್ಯ ಸಾಮಾನ್ಯರ ಮನೆಗೆ ಇಳಿದದ್ದು ಬಡತನದ ಕಾಲದಲ್ಲಿ. 1915ರಲ್ಲಿ ಅವನ್ನಿಗೆ ಒಡೆಯದ ಪೈರೆಕ್ಸ್ ಗಾಜಿನ ಪಾತ್ರೆ ಮಾರುಕಟ್ಟೆಗೆ ಬಂತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಒಂದು ಕೋಳಿಯನ್ನು ಇಡೀ ಕುಟುಂಬಕ್ಕೆ ಸಾಕುಮಾಡಬೇಕಾದ ಗೃಹಿಣಿಯರಿಗೆ ಪಾಸ್ತಾ ಆಸರೆಯಾಯಿತು. 1934ರಲ್ಲಿ ಕ್ಯಾಂಬೆಲ್ ಕಂಪನಿಯ ಅಣಬೆ ಸೂಪಿನ ಡಬ್ಬಿ ಬಂದ ಮೇಲೆ ಸಾಸು ಕಾಯಿಸುವ ಕೆಲಸವೂ ತಪ್ಪಿತು. ಮಿಕ್ಕಿದ ಕೋಳಿ, ಪೊಟ್ಟಣದ ಪಾಸ್ತಾ, ಡಬ್ಬಿಯ ಸೂಪು ಮೂರನ್ನೂ ಗಾಜಿನ ಪಾತ್ರೆಗೆ ಸುರಿದು ಅವನ್ನಿಗೆ ಇಟ್ಟರೆ ಊಟ ಸಿದ್ಧ. ಅಲ್ಲಿಯವರು ಇಂದು ‘ಮನಸ್ಸಿಗೆ ಹಿತವಾದ ಊಟ’ ಎಂದು ನೆನೆಯುವುದು ಅಭಾವದ ದಿನಗಳಲ್ಲಿ ಬೆಳೆದ ಈ ಜಾಣ್ಮೆಯನ್ನೇ.

ರೊಟ್ಟಿ ಸುಡುವ ಗೂಡಿಲ್ಲದ ಕರಾವಳಿ

ಇತ್ತ ನಮ್ಮ ಕರಾವಳಿಯಲ್ಲಿ ಗೋಧಿಯೂ ಇರಲಿಲ್ಲ, ಅವನ್ನೂ ಇರಲಿಲ್ಲ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಈ ದಾರಿಯಾಗಿ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದ ಸುಲ್ತಾನನ ಮನೆಯ ಊಟವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅನ್ನ, ತುಪ್ಪ, ಉಪ್ಪಿನಕಾಯಿ. ಮತ್ತೆ ಅನ್ನ, ಅದಕ್ಕೆ ಕೋಳಿಯ ಪದಾರ್ಥ. ಆಮೇಲೆ ಮೀನು, ತರಕಾರಿ, ಕೊನೆಗೆ ಮೊಸರು. ಆ ಸುಲ್ತಾನನ ಆಶ್ರಯದಲ್ಲಿ ಹನ್ನೊಂದು ತಿಂಗಳು ಕಳೆದರೂ ಗೋಧಿಯ ರೊಟ್ಟಿ ತಿನ್ನಲಿಲ್ಲ, ಇಲ್ಲಿಯವರ ಆಹಾರ ಅನ್ನವೇ ಎಂದು ಅವನು ಹೇಳುತ್ತಾನೆ. ಮಂಗಳೂರಿನಲ್ಲಿ ಅವನು ಕಂಡದ್ದು ಕರಿಮೆಣಸು, ಶುಂಠಿ ಮತ್ತು ಪಾರಸ, ಯೆಮೆನ್ ದೇಶಗಳ ವರ್ತಕರು.

ಹದಿನಾರನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಮಂಗಳೂರಿನ ಬಂದರಿನಿಂದ ಮಲಬಾರಿಗೆ ಹೋಗುತ್ತಿದ್ದ ಕಪ್ಪು ಬಣ್ಣದ ಅಕ್ಕಿಯನ್ನು ಮೆಚ್ಚಿ ಬರೆದ. ಬಿಳಿ ಅಕ್ಕಿಗಿಂತ ಅದು ಒಳ್ಳೆಯದಂತೆ. ಬಸರೂರು, ಮಂಗಳೂರುಗಳ ಅಕ್ಕಿಯನ್ನು ನೆಚ್ಚಿಕೊಂಡೇ ಗೋವೆಯ ಪೋರ್ಚುಗೀಸರು ಹೊಟ್ಟೆ ಹೊರೆದರು. ಹೀಗೆ ಅಕ್ಕಿಯೇ ಸಂಪತ್ತು, ಅಕ್ಕಿಯೇ ನಾಣ್ಯ ಎಂಬಂಥ ಸೀಮೆಯಲ್ಲಿ ಅಡುಗೆಯ ಉಪಾಯಗಳೂ ಅಕ್ಕಿಯ ಗುಣಕ್ಕೆ ತಕ್ಕಂತೆ ಬೆಳೆದವು.

ಗೋಧಿಹಿಟ್ಟನ್ನು ನಾದಿದರೆ ಅದರೊಳಗಿನ ಅಂಟು ಜಾಲವಾಗಿ ಗಾಳಿಯನ್ನು ಹಿಡಿದಿಡುತ್ತದೆ. ಆದ್ದರಿಂದ ಬ್ರೆಡ್ಡು ಉಬ್ಬುತ್ತದೆ, ಅದನ್ನು ಸುಡಲು ಗೂಡು ಬೇಕಾಗುತ್ತದೆ. ಅಕ್ಕಿಯಲ್ಲಿ ಆ ಅಂಟಿಲ್ಲ. ಅಕ್ಕಿಹಿಟ್ಟನ್ನು ಒಣ ಶಾಖದ ಗೂಡಿನಲ್ಲಿಟ್ಟರೆ ಬಿರಿದು ಕಲ್ಲಾಗುತ್ತದೆ. ಅದಕ್ಕೆ ಬೇಕಾದದ್ದು ಹಬೆ ಅಥವಾ ಕಾದ ಕಾವಲಿ. ತುಳುನಾಡಿನ ತಿಂಡಿಗಳನ್ನು ಎಣಿಸಿ ನೋಡಿದರೆ ಈ ಎರಡರೊಳಗೇ ಮುಗಿಯುತ್ತವೆ. ಮೂಡೆ, ಕೊಟ್ಟೆ, ಗಟ್ಟಿ, ಪತ್ರೊಡೆ, ಪುಂಡಿ ಹಬೆಯವು. ನೀರುದೋಸೆ, ಓಡುಪಾಳೆ, ರೊಟ್ಟಿ ಕಾವಲಿಯವು. ಕ್ರೈಸ್ತರ ಸನ್ನವೂ ಹಬೆಯದೇ. ಅದನ್ನು ಉಬ್ಬಿಸುತ್ತಿದ್ದದ್ದು ಶೇಂದಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ದೊಡ್ಡ ದೊಡ್ಡ ಭಟ್ಟಿಗಳು ನಗರದಲ್ಲಿ ಹೊಗೆಯಾಡಿದವು. ಆದರೆ ಅಡುಗೆಮನೆಗೆ ಗೂಡು ಬರಲಿಲ್ಲ. ಕ್ರಿಸ್ಮಸ್ಸಿನ ಕೇಕಿನ ಹಿಟ್ಟನ್ನು ಬೇಕರಿಗೆ ಒಯ್ದು ಸುಡಿಸಿಕೊಂಡು ಬರುವುದೇ ಬಹುಕಾಲ ಕ್ರೈಸ್ತ ಕುಟುಂಬಗಳ ರೂಢಿಯಾಗಿತ್ತು.

ಕೋಳಿಗೆ ಜತೆಯಾದ ನಾಲ್ಕು ತಿಂಡಿ

ಕೋಳಿಯ ರಸವನ್ನು ಹೀರಿಕೊಳ್ಳಲು ಅಕ್ಕಿಯನ್ನು ಹೇಗೆ ಹದಮಾಡಬೇಕು ಎಂಬ ಪ್ರಶ್ನೆಗೆ ಇಲ್ಲಿಯ ಸಮುದಾಯಗಳು ತಮ್ಮ ತಮ್ಮ ಉತ್ತರ ಕಂಡುಕೊಂಡವು. ತುಳುವರ ಪುಂಡಿ ಅಕ್ಕಿಯ ತರಿಯನ್ನು ಕಾಯಿಸಿ, ಉಂಡೆಮಾಡಿ ಹಬೆಯಲ್ಲಿ ಬೇಯಿಸಿದ್ದು. ಬ್ಯಾರಿ ಮುಸ್ಲಿಮರ ಪಿಂಡಿಯಲ್ಲಿ ಉಂಡೆಗಳು ಇನ್ನೂ ಚಿಕ್ಕವು. ಅವನ್ನು ಮಾಂಸದ ಮಸಾಲೆಯೊಳಕ್ಕೇ ಹಾಕಿ ಕುದಿಸುತ್ತಾರೆ. ಇಟಲಿಯವರ ಪಾಸ್ತಾವನ್ನು ಸಾಸಿನಲ್ಲಿ ಹೊರಳಿಸುವ ಕ್ರಮಕ್ಕೆ ಇದು ತೀರ ಹತ್ತಿರ.

ಮೂರನೆಯದು ಸೇಮಿಗೆ. ಕೊಂಕಣಿ ಕ್ರೈಸ್ತರ ಬಾಯಲ್ಲಿ ಶೆವ್ಯೊ. ಅಕ್ಕಿಯನ್ನು ಅರೆದು, ಕಾಯಿಸಿ, ಉಂಡೆಕಟ್ಟಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಒತ್ತಬೇಕು. ಒತ್ತುವುದಕ್ಕೆ ಒಬ್ಬರು, ಎಳೆಗಳನ್ನು ಬಾಳೆಲೆಯ ಮೇಲೆ ಸುತ್ತಿಕೊಳ್ಳುವುದಕ್ಕೆ ಇನ್ನೊಬ್ಬರು ಬೇಕು. ಮನೆಯಲ್ಲಿ ಜನ ಇದ್ದರೆ ಮಾತ್ರ ಸೇಮಿಗೆ. ಉತ್ತರ ಕರ್ನಾಟಕದ ಹೆಂಗಸರು ಗೋಧಿಯ ಶ್ಯಾವಿಗೆಯನ್ನು ಬೇಸಿಗೆಯಲ್ಲಿ ಹೊಸೆದು, ಕೋಲಿಗೆ ಹಾಕಿ ಒಣಗಿಸಿ ಡಬ್ಬಿ ತುಂಬಿಡುತ್ತಾರೆ. ಕರಾವಳಿಯ ಅಕ್ಕಿ ಸೇಮಿಗೆಯನ್ನು ಅಂದೇ ತಿನ್ನಬೇಕು. ಇಲ್ಲಿಯ ತೇವದ ಗಾಳಿಗೆ ಮಾರನೆಯ ದಿನಕ್ಕೆ ಅದು ಹಳಸುತ್ತದೆ.

ನಾಲ್ಕನೆಯದೇ ರೊಟ್ಟಿ. ಈ ನಾಲ್ಕರಲ್ಲಿ ದಾಸ್ತಾನಿಗೆ ಒದಗುವುದು ಇದೊಂದೇ. ಕೋಳಿಗೆ ತುಳುವಿನಲ್ಲಿ ಕೋರಿ. ಆದ್ದರಿಂದ ಕೋರಿ ರೊಟ್ಟಿ. ಬಂಟರ ಮನೆಯ ಊಟವೆಂದು ಇದಕ್ಕೆ ಪ್ರಸಿದ್ಧಿ ಬಂದಿದ್ದರೂ ಬಿಲ್ಲವರು, ಮೊಗವೀರರು, ಕ್ರೈಸ್ತರು ಎಲ್ಲರ ಮನೆಯಲ್ಲಿಯೂ ಇದೆ.

ರೊಟ್ಟಿಯ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಕುಚ್ಚಲಕ್ಕಿಯನ್ನು ನೆನೆಸಿ, ನುಣ್ಣಗೆ ಅರೆದು, ಉಪ್ಪು ಬೆರೆಸಿ, ಕಾದ ಕಬ್ಬಿಣದ ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಹರಡಬೇಕು. ನೀರಿನಂಶ ಆರಿದಂತೆ ಹಾಳೆಯ ಅಂಚು ತಾನಾಗಿ ಏಳುತ್ತದೆ. ಮೆತ್ತಗಿರುವಾಗಲೇ ಮಡಚಬೇಕು, ಒಂದು ಕ್ಷಣ ತಡವಾದರೆ ಮುರಿಯುತ್ತದೆ. ಆಮೇಲೆ ತೇವದ ಸುಳಿವೂ ಉಳಿಯದಂತೆ ಒಣಗಿಸಬೇಕು. ಹಿಟ್ಟು ಹರಡುವ ಕೈ ಗಂಟೆಗಟ್ಟಲೆ ಕಾವಲಿಯ ಮೇಲೆಯೇ ಆಡುತ್ತಿರಬೇಕು. ಆದ್ದರಿಂದಲೇ ಇದು ಮನೆಮನೆಯ ಕೆಲಸವಾಗಿ ಉಳಿಯದೆ, ಮಂಗಳೂರು, ಉಡುಪಿ ಸೀಮೆಯ ಕೆಲವು ಮನೆಗಳ ಹೆಂಗಸರ ಗೃಹೋದ್ಯಮವಾಯಿತು. ಪೇಟೆಯವರು ಪೊಟ್ಟಣದಲ್ಲಿ ರೊಟ್ಟಿ ಕೊಂಡುತಂದು, ಸಾರು ಮಾತ್ರ ಮನೆಯಲ್ಲಿ ಮಾಡುವ ಪದ್ಧತಿ ಬೆಳೆಯಿತು. ಅಮೆರಿಕದ ಗೃಹಿಣಿ ಪಾಸ್ತಾದ ಪೊಟ್ಟಣ ತಂದು ಸಾಸು ಮಾತ್ರ ಮನೆಯಲ್ಲಿ ಮಾಡಿದ ಹಾಗೆಯೇ. ವ್ಯತ್ಯಾಸ ಒಂದೇ. ಅಲ್ಲಿ ಯಂತ್ರ ಮಾಡಿದ ಕೆಲಸವನ್ನು ಇಲ್ಲಿ ಮಾಡಿದ್ದು ಒಂದು ಹೆಣ್ಣಿನ ಕೈ.

ಸಾರಿನ ಕೆಂಪು

ಕೋರಿ ರೊಟ್ಟಿ ಎಂದೊಡನೆ ಕಣ್ಣಿಗೆ ಕಟ್ಟುವುದು ಅದರ ಕೆಂಪು. ಆ ಕೆಂಪಿಗೆ ಐನೂರು ವರ್ಷದ ಆಯುಸ್ಸೂ ಇರಲಾರದು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 1498ರಲ್ಲಿ ವಾಸ್ಕೋ ಡ ಗಾಮನ ಹಡಗು ಬಂದ ಮೇಲೆ ಪೋರ್ಚುಗೀಸರ ಮೂಲಕ ಈ ತೀರಕ್ಕೆ ಇಳಿಯಿತು. ಅದಕ್ಕೆ ಮುಂಚೆ ಖಾರವೆಂದರೆ ಕರಿಮೆಣಸು. ಭಾಷೆಯೇ ಇದಕ್ಕೆ ಸಾಕ್ಷಿ. ಕರಾವಳಿಯ ಕನ್ನಡದಲ್ಲಿ ಕರಿಮೆಣಸಿಗೆ ಇಂದಿಗೂ ಒಳ್ಳೆಮೆಣಸು ಎನ್ನುತ್ತಾರೆ. ತುಳುವಿನಲ್ಲಿ ಎಡ್ಡೆ ಮುಂಚಿ. ಅರ್ಥ ಎರಡಕ್ಕೂ ಒಂದೇ. ಹೊಸದಾಗಿ ಬಂದ ಕೆಂಪುಕಾಯಿ ಮೆಣಸೆಂಬ ಹೆಸರನ್ನು ಕಿತ್ತುಕೊಂಡಾಗ ಹಳೆಯದನ್ನು ಬೇರ್ಪಡಿಸಲು ‘ಒಳ್ಳೆ’ ಎಂಬ ವಿಶೇಷಣ ಬೇಕಾಯಿತು.

ಮನೆಯ ಕ್ರಮ ಹೀಗೆ. ಬಣ್ಣಕ್ಕೆ ಘಟ್ಟದ ಮೇಲಿನ ಬ್ಯಾಡಗಿ ಮೆಣಸು, ಖಾರಕ್ಕೆ ಗಿಡ್ಡ ಮೆಣಸು. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು, ಚಿಟಿಕೆ ಮೆಂತೆ ಇವನ್ನು ಒಂದೊಂದಾಗಿ ತೆಂಗಿನೆಣ್ಣೆಯಲ್ಲಿ ಹುರಿಯಬೇಕು. ಒಟ್ಟಿಗೆ ಹುರಿದರೆ ಮೆಂತೆ ಕರಟಿ ಕಹಿಯಾಗುತ್ತದೆ, ಕೊತ್ತಂಬರಿ ಹಸಿಯಾಗಿಯೇ ಉಳಿಯುತ್ತದೆ. ಬೆಳ್ಳುಳ್ಳಿ, ನೀರುಳ್ಳಿ, ಅರಶಿನ, ಹುಣಸೆಹುಳಿ, ಹುರಿದ ತೆಂಗಿನತುರಿ ಸೇರಿಸಿ ಕಡೆಯುವ ಕಲ್ಲಿನಲ್ಲಿ ಗಂಧದಂತೆ ಅರೆಯಬೇಕು. ಕೋಳಿಯನ್ನು ತೆಂಗಿನಕಾಯಿಯ ಎರಡನೆಯ, ಅಂದರೆ ತೆಳು ಹಾಲಿನಲ್ಲಿ ಬೇಯಿಸಿ, ಮಸಾಲೆ ಹಾಕಿ ಕುದಿಸಿ, ದಪ್ಪ ಹಾಲನ್ನು ಕೊನೆಗೆ ಸುರಿಯಬೇಕು. ಹುಳಿ ಬಿದ್ದ ಸಾರಿನಲ್ಲಿ ದಪ್ಪ ಹಾಲು ಬಹಳ ಹೊತ್ತು ಕುದಿದರೆ ಒಡೆದು ಎಣ್ಣೆ ಬೇರೆಯಾಗುತ್ತದೆ. ತುಪ್ಪದಲ್ಲಿ ಕೆಂಪಗೆ ಹುರಿದ ನೀರುಳ್ಳಿಯ ಒಗ್ಗರಣೆ ಬಿದ್ದರೆ ಸಾರು ಮುಗಿಯಿತು.

ನೀರುದೋಸೆಗೆ, ಪುಂಡಿಗೆ ಮಾಡುವ ಗಸಿ ದಪ್ಪ. ರೊಟ್ಟಿಗೆ ಮಾತ್ರ ತೆಳ್ಳಗಿರಬೇಕು. ಕಾವಲಿಯ ಮೇಲೆ ಒಮ್ಮೆ ಬೆಂದು ಒಣಗಿದ ಅಕ್ಕಿಯ ಹಾಳೆಯಲ್ಲಿ ರಸವನ್ನು ತಡೆಯುವ ಅಂಟಿಲ್ಲ, ದಪ್ಪವೂ ಇಲ್ಲ. ಬಡಿಸಿದ ಒಂದೆರಡು ನಿಮಿಷದಲ್ಲಿ ಅದು ಸಾರನ್ನೆಲ್ಲ ಕುಡಿದುಬಿಡುತ್ತದೆ. ಒತ್ತಿ ಒಣಗಿಸಿದ ಗೋಧಿಯ ಪಾಸ್ತಾ ಬಿಗಿ. ಅದನ್ನು ನೀರಿನಲ್ಲಿ ಬೇಯಿಸಿ, ಮತ್ತೆ ಸಾಸಿನಲ್ಲಿಟ್ಟು ಅವನ್ನಿನಲ್ಲಿ ಅರ್ಧ ಗಂಟೆ ಕಾಯಬೇಕು. ಅವನ್ನಿನ ಊಟದಲ್ಲಿ ಗರಿಗರಿ ಪದರ ಕೊನೆಗೆ ಬರುತ್ತದೆ. ಕೋರಿ ರೊಟ್ಟಿಯಲ್ಲಿ ಗರಿಗರಿ ಮೊದಲು ಬಂದು, ತಿನ್ನುತ್ತಿದ್ದಂತೆ ಕರಗಿಹೋಗುತ್ತದೆ.

ಯಾರ ಮನೆಯಲ್ಲಿ ಕೋಳಿ?

ಈಗ ಭಾನುವಾರದ ಊಟವಾಗಿರುವ ಇದು ಹಿಂದೆ ಅಷ್ಟು ಸಲೀಸಾಗಿರಲಿಲ್ಲ. ಗೇಣಿದಾರನ ಮನೆಯಲ್ಲಿ ಬೆಳೆದ ಭತ್ತವೆಲ್ಲ ಅವನದಲ್ಲ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಗಳು ಗೇಣಿಯಾಗಿ ಧಣಿಯ ಕೊಟ್ಟಾರ ಸೇರಬೇಕು. ಉಳಿದದ್ದರಲ್ಲಿ ದಿನದ ಗಂಜಿ ನಡೆಯಬೇಕು. ಮಳೆಗಾಲದಲ್ಲಿ, ಅದರಲ್ಲೂ ಆಟಿಯಲ್ಲಿ, ಹೊಲದ ಕೆಲಸ ನಿಂತು ಕಣಜವೂ ತಳ ಕಾಣುತ್ತಿತ್ತು. ಕೆಸು, ತಜಂಕ್ ಸೊಪ್ಪು, ಹಲಸಿನ ಬೀಜ ಆ ತಿಂಗಳ ಆಧಾರ. ಅಂಥ ಮನೆಯಲ್ಲಿ ಅಕ್ಕಿಯನ್ನು ಅರೆದು, ಸುಟ್ಟು, ಒಣಗಿಸಿ ರೊಟ್ಟಿ ಮಾಡುವುದೆಂದರೆ ಅದು ದೊಡ್ಡ ಹಬ್ಬಕ್ಕೋ ಅಳಿಯ ಬಂದಾಗಲೋ ಮಾತ್ರ.

ಕೋಳಿಯೂ ಹಾಗೆಯೇ. ಅಂಗಳದಲ್ಲಿ ಕೆದಕಿ ತಿಂದು ಬೆಳೆದ ಹುಂಜವನ್ನು ಸುಮ್ಮನೆ ಕೊಯ್ಯುತ್ತಿರಲಿಲ್ಲ. ನೆಂಟರು ಬರಬೇಕು, ಇಲ್ಲವೆ ಭೂತಕ್ಕೆ ಹರಕೆ ಇರಬೇಕು, ಇಲ್ಲವೆ ಕೋಳಿ ಅಂಕದಲ್ಲಿ ಗೆದ್ದವನ ಪಾಲಿಗೆ ಸೋತ ಹುಂಜ ಬಂದಿರಬೇಕು. ತೀರಿಹೋದ ಹಿರಿಯರಿಗೆ ಬಡಿಸುವ ದಿನವೂ ಇತ್ತು, ಈಗಲೂ ಇದೆ. ಬಾಳೆಲೆ ಹಾಕಿ, ಕೋಳಿಯ ಪದಾರ್ಥವನ್ನೂ ಅಕ್ಕಿಯ ಅಡುಗೆಯನ್ನೂ ಬಡಿಸಿ, ಬಾಗಿಲು ಸರಿಸಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಈ ಊಟ ಸಮಾಧಾನ ನೀಡುವುದು ಬದುಕಿರುವವರಿಗೆ ಮಾತ್ರವಲ್ಲ ಎಂಬ ನಂಬಿಕೆ ಅದರ ಹಿಂದಿದೆ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಲೆಕ್ಕವನ್ನು ಬದಲಿಸಿತು. ದೇವರಾಜ ಅರಸು ಅವರ ಸರಕಾರ ತಂದ ಆ ಕಾನೂನು ರಾಜ್ಯದಲ್ಲಿ ಹೆಚ್ಚು ಪರಿಣಾಮ ಬೀರಿದ ಜಿಲ್ಲೆಗಳಲ್ಲಿ, ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಮುಖ್ಯವಾದದ್ದು. ಉತ್ತವನಿಗೆ ಹೊಲ ಬಂತು. ಗೇಣಿಯ ಮುಡಿ ಮನೆಯಲ್ಲೇ ಉಳಿಯಿತು. ಧಣಿಗಳ ದೊಡ್ಡ ಮನೆಗಳಲ್ಲಿ ಕಣಜ ಬರಿದಾದ ನೋವೂ ಇತ್ತು. ಎರಡೂ ಕಡೆಯ ಮಕ್ಕಳು ಕೆಲಸ ಹುಡುಕಿ ಊರು ಬಿಟ್ಟರು.

ಪೆಟ್ಟಿಗೆಯಲ್ಲಿ ಹೋದ ಊರು

ಊರು ಬಿಡುವುದು ಹೊಸದೇನಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದಲೇ ತುಳುನಾಡಿನ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳ ದಾರಿ ತೆರೆಯಿತು. ರಜೆ ಮುಗಿಸಿ ಹೊರಟವರ ಪೆಟ್ಟಿಗೆಯಲ್ಲಿ ತಾಯಂದಿರು ಏನನ್ನು ಕಟ್ಟಿಕೊಡಬಹುದು? ಪುಂಡಿ ಒಂದು ದಿನ ಬಾಳದು, ಸೇಮಿಗೆ ಅದೂ ಇಲ್ಲ, ಸಾರಂತೂ ಸಾಧ್ಯವೇ ಇಲ್ಲ. ರೊಟ್ಟಿ ಹಗುರ, ಒಣ, ತಿಂಗಳು ಕೆಡದು. ಜತೆಗೆ ಹುರಿದು ಪುಡಿಮಾಡಿದ ಮಸಾಲೆಯ ಪೊಟ್ಟಣ. ಮುಂಬಯಿಯ ಬಸ್ಸಿನಲ್ಲಿ, 1998ರಿಂದೀಚೆಗೆ ಪೂರ್ಣವಾಗಿ ತೆರೆದ ಕೊಂಕಣ ರೈಲಿನಲ್ಲಿ, ದುಬೈಯ ವಿಮಾನದಲ್ಲಿ ಹೋದದ್ದು ಊಟದ ಒಣ ಅರ್ಧ. ಹಸಿ ಅರ್ಧವನ್ನು ಅಲ್ಲಿಯ ಕೋಳಿ, ಡಬ್ಬಿಯ ತೆಂಗಿನ ಹಾಲಿನಿಂದ ಹೊಂದಿಸಿಕೊಳ್ಳಬೇಕು. ಸಿಸಿಲಿಯ ಪಾಸ್ತಾ ಹಡಗೇರಿ ಹೋದ ಕಾರಣವೂ ಇದೇ ಅಲ್ಲವೆ?

ಊರಿಗೆ ಬರುವವರೂ ಇದ್ದರು. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾಯಿತು. ಹಿಂದೆಯೇ ರಸಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರಿನ ಘಟಕ, ಆಮೇಲೆ ತೈಲ ಶುದ್ಧೀಕರಣ ಸ್ಥಾವರ. ಈ ಉದ್ಯಮಗಳಿಗೂ ನಗರಕ್ಕೂ ನಡುವಿನ ಹಾದಿಯಲ್ಲಿದ್ದ ಕೊಟ್ಟಾರದಲ್ಲಿ ತೋಟಗಳು ನಿವೇಶನಗಳಾದವು. 1995ರಲ್ಲಿ ಮಂಗಳೂರಿಗೆ ಬಂದ ಇನ್ಫೋಸಿಸ್ ಕೊಟ್ಟಾರದಲ್ಲಿ ತನ್ನ ಕಚೇರಿ ಕಟ್ಟಿದ ಮೇಲೆ ಬೇರೆ ಬೇರೆ ರಾಜ್ಯಗಳ ಯುವಕ ಯುವತಿಯರು ಬಾಡಿಗೆ ಮನೆ ಹಿಡಿದರು. ಅವರ ಅಡುಗೆಮನೆಯಲ್ಲಿ ಕಡೆಯುವ ಕಲ್ಲಿರಲಿಲ್ಲ. ಮಿಕ್ಸಿ ಇತ್ತು, ಗ್ಯಾಸಿತ್ತು, ಕೆಲವೆಡೆ ಮೇಜಿನ ಮೇಲಿಡುವ ಪುಟ್ಟ ಅವನ್ನಿತ್ತು.

ಗೋಧಿಯೂ ಅಷ್ಟರಲ್ಲಿ ಪರಕೀಯವಾಗಿ ಉಳಿದಿರಲಿಲ್ಲ. 1960ರ ದಶಕದ ನಡುವಿನ ಅಭಾವದಲ್ಲಿ ಪಿಎಲ್ 480 ಒಪ್ಪಂದದ ಅಮೆರಿಕದ ಗೋಧಿ ರೇಷನ್ ಅಂಗಡಿಗೆ ಬಂದಾಗ ಅಕ್ಕಿ ಉಣ್ಣುವ ಮನೆಗಳೂ ಚಪಾತಿ ಲಟ್ಟಿಸಲು ಕಲಿತವು. 1980ರ ದಶಕದಲ್ಲಿ ಎರಡು ನಿಮಿಷದ ನೂಡಲ್ಸು ಬಂತು. ಪಾಸ್ತಾ ಆಮೇಲಿನ ಅತಿಥಿ.

ಕೋಳಿಯ ಕಥೆಯೂ ಬದಲಾಯಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಲಿನಲ್ಲಿ ಸಾಕಲೆಂದು ಗಿರಿರಾಜ ತಳಿಯನ್ನು ಕೊಟ್ಟರು. ಆದರೆ ಪೇಟೆಯನ್ನು ಗೆದ್ದದ್ದು ಆರೇಳು ವಾರದಲ್ಲಿ ಬೆಳೆಯುವ ಬ್ರಾಯ್ಲರ್. ಊರ ಹುಂಜ ಒಂದು ಗಂಟೆಗೂ ಹೆಚ್ಚು ಹೊತ್ತು ಬೆಂದು ತನ್ನ ಎಲುಬಿನ ಸತ್ವವನ್ನು ಸಾರಿಗೆ ಬಿಡುತ್ತಿತ್ತು. ಬ್ರಾಯ್ಲರ್ ಅರ್ಧ ಗಂಟೆಯೊಳಗೆ ಬೇಯುತ್ತದೆ; ಮಾಂಸ ಮೆತ್ತಗೆ, ಸಾರು ಸಪ್ಪೆ. ಆ ಕೊರತೆಯನ್ನು ಮಸಾಲೆಯಿಂದ ತುಂಬಬೇಕಾಯಿತು. ಇಂದಿನ ಸಾರಿನಲ್ಲಿ ಖಾರವೂ ತೆಂಗೂ ಹೆಚ್ಚಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಎರಡು ಮನೆ, ಒಂದು ಪಾತ್ರೆ

ಹೀಗಾಗಿ ಕೊಟ್ಟಾರದ ಎರಡು ಮನೆಗಳ ಪರಿಮಳ ಒಂದಕ್ಕೊಂದು ಬೆರೆಯುವುದು ಸಹಜ. ಹಿಂದಿನ ದಿನ ಮಿಕ್ಕ ಕೋಳಿಯ ಗಸಿಯಲ್ಲಿ ಬೆಂದ ಮ್ಯಾಕರೋನಿ ಕಲಸಿ, ಮೇಲೆ ಬ್ರೆಡ್ಡಿನ ಪುಡಿಯನ್ನೋ ಚೀಸನ್ನೋ ಉದುರಿಸಿ ಅವನ್ನಿಗಿಡಬಹುದು. ಕಲಿಯಬೇಕಾದ ಪಾಠಗಳು ಮಾತ್ರ ಹಳೆಯವೇ. ಪಾಸ್ತಾ ಅವನ್ನಿನೊಳಗೂ ರಸ ಹೀರುತ್ತದೆ. ಆದ್ದರಿಂದ ಅದನ್ನು ಪೂರ್ತಿ ಬೇಯಿಸದೆ ಒಂದೆರಡು ನಿಮಿಷ ಮೊದಲೇ ಬಸಿಯಬೇಕು, ಗಸಿಯನ್ನು ರೊಟ್ಟಿಯ ಸಾರಿನಷ್ಟು ತೆಳ್ಳಗೆ ಮಾಡಬೇಕು. ತೆಂಗಿನ ದಪ್ಪ ಹಾಲು ಹುಳಿಯೊಡನೆ ಹೆಚ್ಚು ಹೊತ್ತು ಕಾದರೆ ಒಡೆಯುತ್ತದೆ. ಪಾಶ್ಚಾತ್ಯರು ತಮ್ಮ ಹಾಲಿನ ಸಾಸಿಗೆ ಮೈದಾ ಹುರಿದು ಬೆರೆಸುವುದು ಹಾಗೆ ಒಡೆಯದಿರಲೆಂದೇ. ಅವನ್ನಿನಿಂದ ತೆಗೆದೊಡನೆ ಬಡಿಸದೆ ಹತ್ತು ನಿಮಿಷ ಬಿಟ್ಟರೆ ರಸ ಒಳಗೇ ನಿಲ್ಲುತ್ತದೆ.

ಇದರಿಂದ ಕೋರಿ ರೊಟ್ಟಿ ಕೆಟ್ಟಿತೆಂದು ಕೊರಗಬೇಕಾಗಿಲ್ಲ. ಮೆಣಸಿನಕಾಯಿಯನ್ನು ಒಳಗೆ ಬಿಟ್ಟುಕೊಂಡ ಅಡುಗೆಮನೆ ಮ್ಯಾಕರೋನಿಗೆ ಹೆದರುವುದಿಲ್ಲ. ಕಾಳಜಿ ಮಾಡಬೇಕಾದ ಸಂಗತಿ ಬೇರೆಯಿದೆ. ಸಾರು ಮಾಡುವವರಿಗೆ ಹೊಗಳಿಕೆ ಸಿಗುತ್ತದೆ. ಹೋಟೆಲಿಗೆ ಹೆಸರು ಬರುತ್ತದೆ. ರೊಟ್ಟಿ ಮಾಡಿದವಳನ್ನು ಉಣ್ಣುವವನು ನೋಡಿಯೇ ಇರುವುದಿಲ್ಲ. ಬೆಂಕಿಯ ಎದುರು ಕೂತು, ಹಾಳೆಯ ಅಂಚು ಏಳುವುದನ್ನೇ ಕಾದು, ಮುರಿಯುವ ಮುನ್ನ ಮಡಚುವ ಆ ಕೈಗೆ ಸಿಗುವುದು ಪೊಟ್ಟಣದ ಬೆಲೆಯಲ್ಲಿ ಒಂದು ಪಾಲು. ಅಮ್ಮನ ಬೆನ್ನುನೋವನ್ನೂ ಸುಟ್ಟ ಬೆರಳನ್ನೂ ಕಂಡ ಮಗಳು, ಕಾಲೇಜು ಮುಗಿಸಿ ಹವಾನಿಯಂತ್ರಿತ ಕಚೇರಿಯ ಕೆಲಸ ಹಿಡಿದರೆ ಅದು ತಪ್ಪೇ? ಅವಳ ಪಾಲಿಗೆ ಅದು ಗೆಲುವು. ಸುಖದ ಊಟವೆಂದು ಕರೆಸಿಕೊಂಡದ್ದು ಇನ್ನೊಬ್ಬರ ಕಷ್ಟದ ಮೇಲೆ ನಿಂತಿರುವಾಗ, ಆ ಕಷ್ಟಕ್ಕೆ ತಕ್ಕ ಬೆಲೆ ಬಾರದಿದ್ದರೆ ಕಾವಲಿಗಳು ಒಂದೊಂದಾಗಿ ಆರುತ್ತವೆ. ಆಗ ರೊಟ್ಟಿಯೂ ಪಾಸ್ತಾದಂತೆ ಯಂತ್ರದ ಬಾಯಿಂದ ಬರಬೇಕಾದೀತು. ರುಚಿಯಲ್ಲಿ ಅದೇನೂ ಕಡಿಮೆಯಾಗಬೇಕೆಂದಿಲ್ಲ. ಆದರೆ ಒಂದು ಕೈಕಸುಬು ಮುಗಿದಂತೆ.

ಕೊಟ್ಟಾರದ ಅಂಗಡಿಯಿಂದ ತಂದ ಪೊಟ್ಟಣವನ್ನು ಬಿಚ್ಚಿ, ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು, ಮೇಲೆ ಬಿಸಿ ಸಾರು ಸುರಿದರೆ ಸಣ್ಣಗೆ ಚಟಪಟ ಸದ್ದಾಗುತ್ತದೆ. ತುದಿ ಇನ್ನೂ ಗರಿಗರಿ, ನಡುಭಾಗ ಆಗಲೇ ಮೆತ್ತಗೆ. ಮನೆಯ ಹಿರಿಯರು ಮಕ್ಕಳನ್ನು ಗದರುವುದು ಆಗಲೇ: ಮಾತು ಆಮೇಲೆ, ಮೊದಲು ಉಣ್ಣಿ, ಹೊತ್ತು ಮಾಡಿದರೆ ರೊಟ್ಟಿ ಮುದ್ದೆಯಾಗುತ್ತದೆ.